ಕರಡಿಗೆ ಹುಡುಕಲು ತಂದ ಮೂರು ಯಂತ್ರಗಳು

ನೀರಿನೊಳಗೆ ಲೋಹ ಹುಡುಕುವ ಯಂತ್ರ ಬೇಕೆಂದರೆ ಅಂಗಡಿಯವರು ಮೊದಲು ಕೇಳುವುದು ಎಷ್ಟು ಆಳಕ್ಕೆ ಇಳಿಯುತ್ತೀರಿ ಎಂದು. ಆಮೇಲೆ ಕೇಳುವುದು ಬಂಗಾರವೋ ಬೆಳ್ಳಿಯೋ ಎಂದು. ಕೆಳಗೆ ಇನ್ನೂ ಏನೇನು ಬಿದ್ದಿದೆ ಎಂದು ಯಾರೂ ಕೇಳುವುದಿಲ್ಲ. ಯಾರಾದರೂ ಕೇಳಿದ್ದರೆ ಆ ಚಳಿಗಾಲದಲ್ಲಿ ನಾನು ಅಷ್ಟು ಜನರ ಮೇಲೆ ಹರಿಹಾಯುತ್ತಿರಲಿಲ್ಲ.

ನನ್ನ ಕೆಲಸ ನೀರಿನೊಳಗಿನದು. ಮಕ್ತಲ್ ಕಡೆಯ ಕೃಷ್ಣಾ ದಂಡೆಯ ರೈತರು ಹೊಳೆಗೆ ಬಿಟ್ಟ ಮೋಟಾರು ಹಗ್ಗ ಹರಿದುಕೊಂಡು ಮುಳುಗಿದರೆ, ನೀರೆಳೆಯುವ ಪೈಪಿನ ತುದಿಯ ಫುಟ್‌ವಾಲ್ವ್‌ಗೆ ಹಳೇ ಬಲೆ ಸುತ್ತಿಕೊಂಡರೆ ನನ್ನನ್ನು ಕರೆಯುತ್ತಾರೆ. ದಂಡೆಯ ಮೇಲೊಂದು ಕಂಪ್ರೆಸರ್, ಅದರಿಂದ ಉದ್ದನೆಯ ಹಳದಿ ಪೈಪು, ಪೈಪಿನ ತುದಿ ನನ್ನ ಬಾಯಲ್ಲಿ. ಮೇಲೆ ಪೈಪು, ಹಗ್ಗ ಹಿಡಿದು ಕೂರುವವನು ನನ್ನ ಹೆಂಡತಿಯ ಅಣ್ಣ, ನನ್ನ ಭಾವ. ನಾನು ಹಗ್ಗ ಎರಡು ಸಲ ಜಗ್ಗಿದರೆ ಅವನು ಬುಟ್ಟಿ ಎತ್ತಬೇಕು. ಬಿಡದೆ ಜಗ್ಗಿದರೆ ನನ್ನನ್ನೇ ಎತ್ತಬೇಕು. ಮೊಸಳೆ ಕಂಡರೆ ಜಗ್ಗುವ ಸರದಿ ಅವನದು. ಮುಳುಗುವವನು ಇವನು, ಅಂಜುವವನು ನಾನು ಎಂದು ಮದುವೆ ಮನೆಗಳಲ್ಲೆಲ್ಲ ಹೇಳಿಕೊಂಡು ತಿರುಗುತ್ತಾನೆ.

ತೆಲಂಗಾಣ ಬಂದ ಹೊಸತು. ಬಸ್ಸಿನ ಮೇಲಿನ ಅಕ್ಷರ ಬದಲಾಗಿತ್ತು, ಜಿಲ್ಲೆಗಳನ್ನು ಇನ್ನೂ ಒಡೆದಿರಲಿಲ್ಲ, ನಮ್ಮದೆಲ್ಲ ಪಾಲಮೂರೇ. ಒಂದು ಬೆಳಿಗ್ಗೆ ನಾರಾಯಣಪೇಟೆಯ ಸೀರೆ ವ್ಯಾಪಾರಿಯೊಬ್ಬರು ಫೋನು ಮಾಡಿದರು. ಅವರ ತಾಯಿ ರೈಲು ಸೇತುವೆಯ ಹತ್ತಿರದ ಘಾಟಿನಲ್ಲಿ ಮುಳುಗು ಹಾಕುವಾಗ ಕೊರಳಿನ ಶಿವದಾರ ಹರಿದು, ಬೆಳ್ಳಿಯ ಕರಡಿಗೆ ನೀರಿಗೆ ಬಿದ್ದಿತ್ತು. ಅದರೊಳಗೆ ಅವರ ಇಷ್ಟಲಿಂಗ.

ನಾನು ಲಿಂಗ ಕಟ್ಟಿದವನಲ್ಲ, ಬೆಸ್ತರವನು. ಆದರೂ ನಮ್ಮ ಸೀಮೆಯಲ್ಲಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಾಗಿಲ್ಲ. ಲಿಂಗಪೂಜೆಯಾಗದೆ ಅಂಥವರು ತುತ್ತು ಎತ್ತುವುದಿಲ್ಲ. ಸತ್ತರೂ ಲಿಂಗವನ್ನು ಅಂಗೈಯಲ್ಲಿಟ್ಟೇ ಮಣ್ಣು ಮಾಡುತ್ತಾರೆ. ಆ ತಾಯಿ, ನಾವೆಲ್ಲ ಅವ್ವಾರು ಅನ್ನುವವರು, ಘಾಟಿನ ಮಂಟಪದಲ್ಲೇ ಕೂತುಬಿಟ್ಟಿದ್ದರು. ನೀರು ಬಿಟ್ಟು ಬೇರೇನೂ ಬಾಯಿಗಿಡುತ್ತಿರಲಿಲ್ಲ. ಅವರಿಗೆ ಸಕ್ಕರೆ ಕಾಯಿಲೆ. ಹೊಟ್ಟೆಗಿಲ್ಲದೆ ಗುಳಿಗೆ ನುಂಗುವ ಹಾಗಿಲ್ಲ, ಗುಳಿಗೆ ಇಲ್ಲದೆ ಇರುವ ಹಾಗಿಲ್ಲ. ಮಠದ ಅಯ್ಯನವರು ಬಂದು, ಹೊಸ ಲಿಂಗ ಕಟ್ಟುತ್ತೇನೆ, ಶಾಸ್ತ್ರದಲ್ಲಿ ಅವಕಾಶವಿದೆ ಎಂದು ಹೇಳಿ ನೋಡಿದ್ದರು. ಅವ್ವಾರು ಕೈಮುಗಿದು ಒಂದೇ ಮಾತು ಹೇಳಿದ್ದರಂತೆ: ಹುಡುಕದೇ ಬಿಟ್ಟರೆ ಅದನ್ನು ನಾನೇ ಎಸೆದ ಹಾಗಾಗುತ್ತದೆ.

ನಾನು ಹೋದಾಗ ಅವರು ಕಂಬಕ್ಕೆ ಒರಗಿ ಹೊಳೆಯನ್ನೇ ನೋಡುತ್ತಿದ್ದರು. ಸಣ್ಣ ದೇಹ, ದೊಡ್ಡ ಕುಂಕುಮ. ಬಿದ್ದ ಜಾಗವನ್ನು ಬೆರಳು ಮಾಡಿ ತೋರಿಸಿದರು, ಕೊನೆಯ ಮೆಟ್ಟಿಲಿನಿಂದ ಒಂದು ಮಾರು ಆಚೆ. ಸುಲಭದ ಕೆಲಸ ಅನಿಸಿತು. ಇಂದೇ ತೆಗೆದುಕೊಡುತ್ತೇನೆ ಎಂದು ಬಾಯಿ ಬಿಟ್ಟು ಹೇಳಿಯೂಬಿಟ್ಟೆ.

ಹಿನ್ನೀರು ನಿಂತ ಹೊಳೆ ಅದು. ಕೆಳಗೆ ಎರಡಾಳು ನೀರು, ಅದರಡಿ ಮೊಣಕೈವರೆಗೆ ರಾಡಿ. ರಾಡಿಗೆ ಕೈಹಾಕಿದ ಕೂಡಲೇ ಎಲ್ಲ ಕಪ್ಪು. ಕಣ್ಣು ಇದ್ದೂ ಇಲ್ಲದ ಹಾಗೆ. ಸಂಜೆಯವರೆಗೆ ಬೆರಳಲ್ಲಿ ಬಾಚಿದೆ. ಸಿಕ್ಕಿದ್ದು ಶಂಖದ ಹುಳು, ತೆಂಗಿನ ಚಿಪ್ಪು, ಹಿಂದೊಮ್ಮೆ ಉಗಿಬಂಡಿಗಳು ಸೇತುವೆಯಿಂದ ಉದುರಿಸಿ ಹೋದ ಕಲ್ಲಿದ್ದಲ ಚೂರು, ಮತ್ತೆ ಬೇಕಾದಷ್ಟು ನಾಣ್ಯ. ಮೇಲೆ ಬಂದಾಗ ಅವ್ವಾರು ನನ್ನ ಕೈ ನೋಡಿದರು, ಮುಖ ನೋಡಲಿಲ್ಲ. ನನಗೆ ಅಲ್ಲಿಂದಲೇ ತಲೆ ಕೆಡಲು ಸುರುವಾಯಿತು.

ಯಂತ್ರ ತರೋಣ ಎಂದವನು ಭಾವ. ಗದ್ವಾಲಿನಲ್ಲಿ ನಿಧಿಯ ಹುಚ್ಚು ಹಿಡಿದವನೊಬ್ಬ ಇದ್ದ. ಸಂಸ್ಥಾನದ ಬಂಗಾರ ಎಲ್ಲೋ ಹೂತಿದೆ ಎಂದು ರಾತ್ರಿಯೆಲ್ಲ ಕನಸು ಕಂಡು ಹಗಲೆಲ್ಲ ಬಂಡೆ ಸುತ್ತುವ ಮನುಷ್ಯ. ಅವನ ಹತ್ತಿರ ಲೋಹ ಹುಡುಕುವ ಯಂತ್ರವಿತ್ತು: ಕೋಲಿನ ತುದಿಗೆ ತಟ್ಟೆಯಂಥ ಸುರುಳಿ, ಹಿಡಿಕೆಯ ಹತ್ತಿರ ಡಬ್ಬಿ. ಸುರುಳಿ ನೀರಿಗೆ ಜಗ್ಗುವುದಿಲ್ಲ ಎಂದು ಅವನು ಎದೆ ತಟ್ಟಿ ಹೇಳಿದ. ಅದು ನಿಜವೇ. ಡಬ್ಬಿಯ ಬಗ್ಗೆ ಅವನು ಏನೂ ಹೇಳಲಿಲ್ಲ. ಅದು ಮೊಣಕಾಲುದ್ದದ ನೀರಲ್ಲಿ ನಿಂತು ಆಡಿಸುವ ಯಂತ್ರ, ಮುಳುಗಿ ಹಿಡಿಯುವಂಥದಲ್ಲ.

ಡಬ್ಬಿಯನ್ನು ಎರಡು ಪ್ಲಾಸ್ಟಿಕ್ ಚೀಲಕ್ಕೆ ಹಾಕಿ, ಸೈಕಲ್ ಟ್ಯೂಬು ಕತ್ತರಿಸಿ ಬಿಗಿದು, ಪಂಕ್ಚರ್ ಅಂಟು ಬಳಿದೆವು. ಮೋಟಾರಿನ ಕೇಬಲ್ಲಿಗೆ ನಾವು ಹೀಗೆ ಮಾಡಿ ವರ್ಷಗಟ್ಟಲೆ ಓಡಿಸಿದ್ದುಂಟು. ಆದರೆ ಕೇಬಲ್ಲಿಗೆ ಗುಂಡಿಗಳಿರುವುದಿಲ್ಲ. ನೀರಿನೊಳಗೆ ಚೀಲದ ಮೇಲಿಂದ ಗುಂಡಿ ಒತ್ತಿ ಒತ್ತಿ ಬಿಗಿ ಸಡಿಲವಾಯಿತು. ಕಿವಿಯಲ್ಲಿ ಕೀಚ್ ಎಂದು ಕೂಗಿತು. ಸಿಕ್ಕಿತು ಎಂದುಕೊಂಡೆ. ಸಿಕ್ಕಿದ್ದಲ್ಲ, ಯಂತ್ರ ಸಾಯುತ್ತಿತ್ತು. ಮೇಲೆ ತಂದು ಡಬ್ಬಿ ಬಗ್ಗಿಸಿದರೆ ಹೊಳೆಯೇ ಸುರಿಯಿತು. ಗದ್ವಾಲಿನವನು ದಂಡೆಯಲ್ಲಿ ತಲೆಗೆ ಟವೆಲು ಹಾಕಿಕೊಂಡು ಹೆಣ ಕಾಯುವವನ ಹಾಗೆ ಕೂತ. ಹೋಗುವಾಗ ಸುಮ್ಮನೆ ಹೋಗದೆ, ಇವರು ಹುಡುಕುವುದು ಲಿಂಗವಲ್ಲ, ನಿಧಿ ಎಂದು ಎರಡು ಹೋಟೆಲಿನಲ್ಲಿ ಹೇಳಿ ಹೋದ.

ಹೈದರಾಬಾದಿಗೆ ನಾನೇ ಹೋದೆ, ಅವ್ವಾರ ಮಗನೂ ಜೊತೆಗೆ ಬಂದರು. ಮಗ ಅಂದರೆ ಫೋನು ಮಾಡಿದವರೇ. ಅವ್ವಾರಿಗೆ ಮಗ, ನಮಗೆಲ್ಲ ಸಾವುಕಾರರು. ಅಂಗಡಿಯವನು ದಖ್ಖನಿಯಲ್ಲಿ ಜೇನು ಸುರಿಸುತ್ತ ಎರಡು ಬಗೆಯ ಯಂತ್ರ ಇಟ್ಟ. ಒಂದು, ಇದು ಕಬ್ಬಿಣ, ಇದು ಬೆಳ್ಳಿ ಎಂದು ಸದ್ದಿನಲ್ಲೇ ಬೇರೆ ಮಾಡಿ ಹೇಳುವುದು. ಆದರೆ ಕಬ್ಬಿಣದಂಶವಿರುವ ಕಪ್ಪು ಮರಳಿನಲ್ಲಿ ಅದಕ್ಕೆ ಮತಿ ತಪ್ಪುತ್ತದೆ. ನಮ್ಮ ಕೃಷ್ಣೆಯ ಮರಳೇ ಕಪ್ಪು. ಇನ್ನೊಂದು ನೆಲಕ್ಕೆ ಮಿಡಿತ ಕಳಿಸಿ, ಲೋಹದಿಂದ ತಿರುಗಿ ಬರುವ ಮಿಡಿತವನ್ನು ಆಲಿಸುವ ಯಂತ್ರ. ಮರಳು ಯಾವುದಿದ್ದರೂ ಅದಕ್ಕೆ ಲೆಕ್ಕಕ್ಕಿಲ್ಲ, ತುಂಬ ಆಳಕ್ಕೆ ಕೇಳಿಸುತ್ತದೆ, ಇಡೀ ಯಂತ್ರವೇ ನೀರೊಳಗೆ ಇಳಿಯುತ್ತದೆ. ಆದರೆ ಮೊಳೆಗೂ ಮುತ್ತೈದೆಯ ಕಾಲುಂಗುರಕ್ಕೂ ಅದು ಒಂದೇ ದನಿಯಲ್ಲಿ ಕೂಗುತ್ತದೆ. ಪಕ್ಕದಲ್ಲಿ ಒಂದು ಸಣ್ಣ ಕೈಗೋಲೂ ಇತ್ತು, ಉದ್ದ ಬದನೆಕಾಯಿಯಷ್ಟು. ಅದು ಏನಕ್ಕೆ ಎಂದು ಕೇಳಿದೆ. ಅದು ಆಟಿಕೆ ಸಾಬ್, ನಾಲ್ಕು ಬೆರಳಿನಾಚೆ ಏನೂ ಕೇಳಿಸುವುದಿಲ್ಲ, ನಿಮ್ಮಂಥವರಿಗಲ್ಲ ಎಂದು ನಕ್ಕ.

ನಿಮ್ಮಂಥವರಿಗಲ್ಲ ಎಂದದ್ದು ನನ್ನ ತಲೆಗೇರಿತು. ಮಿಡಿತದ ದೊಡ್ಡ ಯಂತ್ರವನ್ನೇ ಬಾಡಿಗೆಗೆ ಹಿಡಿದೆವು.

ಪರೀಕ್ಷೆ ಮಾಡದೆ ಇಳಿಸಬಾರದು ಎಂಬಷ್ಟು ಬುದ್ಧಿ ಆಗ ಬಂದಿತ್ತು. ಸಾವುಕಾರರು ಗದ್ವಾಲಿನ ಬೆಳ್ಳಿ ಅಂಗಡಿಯಿಂದ ಅವ್ವಾರದ್ದೇ ಅಳತೆಯ ಕರಡಿಗೆಯೊಂದನ್ನು ತರಿಸಿದರು. ನಮ್ಮ ಮನೆಯ ಸಿಮೆಂಟು ತೊಟ್ಟಿಗೆ ಹೊಳೆಯ ಮರಳು ಸುರಿದು, ಅದರಡಿ ಕರಡಿಗೆ ಹೂತು, ನೀರು ತುಂಬಿದೆವು. ಯಂತ್ರ ತೋರಿಸಿದ ಕೂಡಲೇ ಕುಂಯ್ ಎಂದು ಕೂಗಿತು. ಒಂದು ಮೊಳ ಮರಳಿನಡಿ ಹಾಕಿದರೂ ಕೂಗಿತು. ನನ್ನ ಹೆಂಡತಿ ಹತ್ತಿರ ಬಂದರೆ ಅವಳ ಬಳೆಗೂ ಕೂಗಿತು. ಅವತ್ತು ರಾತ್ರಿ ಎಲ್ಲರೂ ನಗುನಗುತ್ತ ಉಂಡೆವು. ಹೂತ ಜಾಗ ಗೊತ್ತಿದ್ದೂ ಹುಡುಕಿದ್ದೇನು ದೊಡ್ಡ ಮಾತು ಎಂದು ಯಾರಿಗೂ ಹೊಳೆಯಲಿಲ್ಲ.

ಹೊಳೆಯಲ್ಲಿ ಇಳಿಸಿದೆ. ಮೆಟ್ಟಿಲು ದಾಟಿದ್ದೇ ತಡ ಯಂತ್ರ ಕೂಗಲು ಹತ್ತಿತು, ನಿಲ್ಲಿಸಲೇ ಇಲ್ಲ. ಎಡಕ್ಕೆ ತಿರುಗಿಸಿದರೆ ಕೂಗು, ಬಲಕ್ಕೆ ತಿರುಗಿಸಿದರೆ ಕೂಗು, ಮೇಲೆತ್ತಿದರೂ ಕೂಗು. ಕೈಹಾಕಿದಲ್ಲೆಲ್ಲ ನಾಣ್ಯ. ಅಜ್ಜನ ಕಾಲದಿಂದ ಹೊಳೆ ದಾಟುವ ಪ್ರತಿಯೊಬ್ಬನೂ ಗಂಗವ್ವನಿಗೆ ಎಸೆದದ್ದು, ರೈಲಿನ ಕಿಟಕಿಯಿಂದ ಬಿದ್ದದ್ದು, ಮುಳುಗು ಹಾಕಿದವರು ಬಿಟ್ಟದ್ದು. ಚಲಾವಣೆ ಸತ್ತ ನಾಲ್ಕಾಣೆ, ಅಲ್ಯುಮಿನಿಯಮ್ಮಿನ ಹತ್ತು ಪೈಸೆ, ಹೊಸ ರೂಪಾಯಿ, ಎಲ್ಲ ಸೇರಿ ಹೊಳೆಗೆ ಗಚ್ಚು ಹಾಕಿದ ಹಾಗಿತ್ತು. ತುಂಬ ದೂರ ಕೇಳಿಸುವ ಯಂತ್ರ ಎಂದು ಆರಿಸಿಕೊಂಡು ಬಂದಿದ್ದೆ. ಸಂತೆಯಲ್ಲಿ ನಿಂತವನಿಗೆ ದೂರದ್ದು ಕೇಳಿಸಿ ಏನು ಪ್ರಯೋಜನ.

ಸಿಟ್ಟಿನಲ್ಲಿ ಯಂತ್ರವನ್ನು ಬದಿಗಿಟ್ಟು, ಬಿದಿರು ಬುಟ್ಟಿ ಇಳಿಸಲು ಹಗ್ಗ ಜಗ್ಗಿದೆ. ಒಂದು ಪಟ್ಟಿಯಷ್ಟು ಜಾಗವನ್ನಾದರೂ ಖಾಲಿ ಮಾಡೋಣ ಎಂದು ಎರಡೂ ಕೈಯಲ್ಲಿ ರಾಡಿಸಮೇತ ಬಾಚಿ ಬಾಚಿ ತುಂಬಿದೆ: ನಾಣ್ಯ, ಶಂಖ, ಇದ್ದಿಲು, ಬಂದದ್ದೆಲ್ಲ. ರಾಡಿ ಸೋರಿ ಹೋದ ಮೇಲೆ ಉಳಿದದ್ದನ್ನು ಭಾವ ಮೇಲೆ ಟಾರ್ಪಾಲಿನ ಮೇಲೆ ಸುರಿಯುತ್ತ ಹೋದ. ಅವನು ಕರಡಿಗೆಯಷ್ಟು ದೊಡ್ಡದು, ಬೆಳ್ಳಗಿದ್ದದ್ದು ಇದೆಯೇ ಎಂದಷ್ಟೇ ನೋಡುತ್ತಿದ್ದ. ನಾನು ಹೇಳಿದ್ದೂ ಅಷ್ಟೇ.

ನಾನು ಮೇಲೆ ಬರುವಷ್ಟರಲ್ಲಿ ಊರ ಹಿರಿಯರೊಬ್ಬರು ಟಾರ್ಪಾಲಿನ ಮುಂದೆ ಕೋಲೂರಿ ನಿಂತಿದ್ದರು. ಗಂಗವ್ವನಿಗೆ ಕೊಟ್ಟದ್ದನ್ನು ಮೇಲೆ ತರುವುದೇ ತಪ್ಪು, ಒಂದು ಬಿಲ್ಲೆಯೂ ಆಚೀಚೆ ಆಗಬಾರದು, ಎಲ್ಲ ವಾಪಸು ಹೊಳೆಗೆ ಹೋಗಬೇಕು, ಇವತ್ತೇ. ನಾನು ಹಲ್ಲು ಕಚ್ಚಿಕೊಂಡೆ. ಇವತ್ತು ವಾಪಸು ಹಾಕಿದರೆ ನಾಳೆ ಮತ್ತೆ ತೆಗೆಯಬೇಕು, ಹೊಳ್ಯಾಗ ಹುಣಸಿಹಣ್ಣು ತೊಳದಂಗ ಆಗುತ್ತದೆ ಎಂದು ಹೇಳಿದರೆ ಅವರಿಗೆ ನಾಟಲಿಲ್ಲ. ಕೊನೆಗೆ ಅವ್ವಾರೇ ಮಂಟಪದಿಂದ ಒಪ್ಪಂದ ಮಾಡಿಸಿದರು: ಹುಡುಕಾಟ ಮುಗಿಯುವವರೆಗೆ ರಾಶಿ ನನ್ನ ಕಣ್ಣ ಮುಂದೆ ಇರಲಿ, ಮುಗಿದ ದಿನ ನಾನೇ ನಿಂತು ಒಂದೂ ಬಿಡದೆ ಹೊಳೆಗೆ ಹಾಕಿಸುತ್ತೇನೆ. ಭಾವ ಟಾರ್ಪಾಲನ್ನು ಎಳೆದು ಮಂಟಪದ ಕಟ್ಟೆಗೆ, ಅವರ ಮಗ್ಗುಲಿಗೇ ತಂದಿಟ್ಟು ಮುಚ್ಚಿದ.

ಮರುದಿನ ಖಾಲಿ ಮಾಡಿದ್ದ ಪಟ್ಟಿಗೆ ಇಳಿದೆ. ಯಂತ್ರ ನಿನ್ನೆಯ ಹಾಗೇ ಕೂಗಿತು. ಕೈಹಾಕಿದರೆ ಹೊಸ ನಾಣ್ಯ, ಅವುಗಳ ಮೇಲೆ ಇನ್ನೂ ರಾಡಿಯೂ ಕೂತಿರಲಿಲ್ಲ. ನನಗೆ ನಂಬಲಾಗಲಿಲ್ಲ. ಮತ್ತೆ ಬಾಚಿದೆ. ಬಾಚುತ್ತಿದ್ದ ಹಾಗೇ ಹೆಗಲ ಮೇಲೆ ಏನೋ ಟಪ್ಪೆಂದು ಬಿದ್ದು ಜಾರಿತು, ಹಿಂದೆಯೇ ಇನ್ನೊಂದು. ಬಿಡದೆ ಹಗ್ಗ ಜಗ್ಗಿದೆ. ಮೊಸಳೆ ಬಂತೆಂದು ಭಾವ ನನ್ನನ್ನು ಗೋಣಿಚೀಲದ ಹಾಗೆ ಎಳೆದು ಮೇಲೆ ಹಾಕಿದ.

ದಂಡೆ ತುಂಬ ಜನ. ನಿಧಿ ನೋಡಲು ಬಂದವರು, ಅವ್ವಾರನ್ನು ನೋಡಲು ಬಂದವರು, ಎರಡನ್ನೂ ನೋಡಲು ಬಂದವರು. ಪೊಲೀಸ್ ಜಮಾದಾರನೂ ಬಂದಿದ್ದ. ಹೋಟೆಲಿನ ಮಾತು ಅವನ ಕಿವಿಗೂ ಬಿದ್ದಿತ್ತು. ಯಂತ್ರವನ್ನು ತಿರುಗಿಸಿ ಮುರುಗಿಸಿ ನೋಡಿ, ಮಂಟಪದಲ್ಲಿದ್ದ ಅವ್ವಾರನ್ನು ನೋಡಿ, ಟೋಪಿ ತೆಗೆದು ಸುಮ್ಮನೆ ಕೂತಿದ್ದ. ಬಂದವರೆಲ್ಲ ಕೈಮುಗಿದು, ತಾಯಿ, ಲಿಂಗ ಸಿಗುವಂತೆ ಮಾಡವ್ವಾ ಎಂದು ಹೊಳೆಗೆ ಒಂದೊಂದು ನಾಣ್ಯ ಎಸೆಯುತ್ತಿದ್ದರು. ಗಾಳಿಗುಳ್ಳೆ ಏಳುವ ಜಾಗ ನೋಡಿ, ಅಲ್ಲಿಗೇ ಗುರಿಯಿಟ್ಟು. ಜಮಾದಾರನೂ ಎಸೆದನಂತೆ. ನಾನು ಭಾವನ ಕಡೆ ತಿರುಗಿದೆ. ಕಂಪ್ರೆಸರ್ ಸುರು ಮಾಡುವ ಮುಂಚೆ ದಿನಾ ಒಂದು ರೂಪಾಯಿ ಬಿಡುವುದು ನಮ್ಮ ಬೆಸ್ತರ ಪದ್ಧತಿ ಎಂದು ಅವನು ನೆಲ ನೋಡುತ್ತ ಹೇಳಿದ. ಅದು ನನಗೂ ಗೊತ್ತು. ಮೊದಲ ದಿನ ನಾನೂ ಬಿಟ್ಟೇ ಇಳಿದಿದ್ದೆ.

ಒದ್ದೆ ಮೈಯಲ್ಲೇ ನಿಂತು ಎಲ್ಲರಿಗೂ ಬಾಯಿಗೆ ಬಂದದ್ದು ಬೈದೆ. ನಾನು ತೆಗೆಯುತ್ತೇನೆ, ನೀವು ಹಾಕುತ್ತೀರಿ, ಹೀಗಾದರೆ ಅವ್ವಾರ ಹೆಣ ನೋಡಿಯೇ ಮನೆಗೆ ಹೋಗುತ್ತೀರಿ ಎಂದುಬಿಟ್ಟೆ. ಆಗ ಮಂಟಪದಿಂದ ಅವ್ವಾರು ಸನ್ನೆ ಮಾಡಿ ಕರೆದರು.

"ಅವ್ರನ್ನ ಬೈಬ್ಯಾಡೋ ತಮ್ಮಾ. ಎಲ್ಲಾರಿಗಿಂತ ಹೆಚ್ಚು ಹಾಕಿದಾಕಿ ನಾನು. ನೀ ಮುಳುಗಿದಾಗೆಲ್ಲ ಮಗನ ಕೈಲೆ ಒಂದು ಹಾಕಸ್ತಿದ್ದೆ."

"ಯಾಕ್ರೀ ಅವ್ವಾರೆ? ನಾ ಅದಽ ರೊಕ್ಕ ತೆಗ್ಯಾಕ ಸಾಯಾಕ ಹತ್ತೀನಿ."

"ಬರಿಗೈಲೆ ಹೆಂಗ ಬೇಡ್ಲಿ ಆಕಿನ್ನ? ನನ್ನ ಲಿಂಗಽ ಆಕಿ ಹಂತ್ಯಾಕ ಐತಿ."

ಅವರ ದನಿ ನೂಲಿನಷ್ಟು ಸಣ್ಣಗಾಗಿತ್ತು. ನನ್ನ ಸಿಟ್ಟು ಹೋಗಲಿಲ್ಲ, ಆದರೆ ಯಾರ ಮೇಲೆ ಹಾಕಬೇಕೆಂದು ತಿಳಿಯದೆ ಹೋಯಿತು. ಕೊನೆಗೆ, ಗಂಗವ್ವನಿಗೆ ಬೆಲ್ಲ ಕೊಡಿ ಎಂದೆ. ಬೆಲ್ಲ ನೀರಲ್ಲಿ ಕರಗುತ್ತದೆ, ಯಂತ್ರಕ್ಕೆ ಕೇಳಿಸುವುದಿಲ್ಲ, ಗಂಗವ್ವನಿಗೂ ಬಾಯಿ ಸಿಹಿ. ಅವ್ವಾರು ಕಣ್ಣು ಮುಚ್ಚಿ ತಲೆಯಾಡಿಸಿದರು. ಅವತ್ತಿನಿಂದ ಘಾಟಿಗೆ ಬಂದವರಿಗೆ ಮಂಟಪದಲ್ಲೇ ಬೆಲ್ಲದ ಚೂರು ಸಿಗುತ್ತಿತ್ತು. ಹಸಿದ ಹೊಟ್ಟೆಯ ಅವ್ವಾರು ತಮ್ಮ ಕೈಯಿಂದಲೇ ಅದನ್ನು ಒಡೆದು ಒಡೆದು ಕೊಡುತ್ತಿದ್ದರು.

ಅಂದು ಸಂಜೆ ಅವರು ಕೂತಲ್ಲೇ ವಾಲಿದರು. ಮಕ್ತಲ್‌ನಿಂದ ಡಾಕ್ಟರು ಬಂದು, ಹೀಗೇ ಆದರೆ ನಾಳೆಯ ಮಾತು ಹೇಳಲಾರೆ ಎಂದರು. ಸಲೈನೂ ಆಹಾರವೇ ಎಂದು ಅವ್ವಾರು ತೋಳು ಸೆರಗಿನಲ್ಲಿ ಮುಚ್ಚಿಕೊಂಡರು. ಎಚ್ಚರ ತಪ್ಪಿದರೆ ಹಾಕಿ, ಅಲ್ಲಿಯವರೆಗೆ ಬೇಡ ಎಂದರು. ಸಾವುಕಾರರು ನನ್ನನ್ನು ಕಂಪ್ರೆಸರ್ ಹಿಂದೆ ಕರೆದುಕೊಂಡು ಹೋಗಿ ಜೇಬಿನಿಂದ ಪರೀಕ್ಷೆಯ ಕರಡಿಗೆ ತೆಗೆದರು. ಅಯ್ಯನವರಿಂದ ಒಂದು ಲಿಂಗ ಇಸಿದುಕೊಂಡು ಇದರೊಳಗಿಟ್ಟು, ರಾಡಿ ಮೆತ್ತಿ, ಸಿಕ್ಕಿತು ಎಂದು ತಂದುಕೊಡು ಎಂದು ಗೋಗರೆದರು. ನಾರಾಯಣಪೇಟೆಯಲ್ಲಿ ನಾಲ್ಕು ಜನರಿಗೆ ಬುದ್ಧಿ ಹೇಳುವ ಮನುಷ್ಯ, ನನ್ನ ಒದ್ದೆ ಕೈ ಹಿಡಿದು ಅಳುತ್ತಿದ್ದರು. ನಾನು ಒಪ್ಪುವುದರಲ್ಲಿದ್ದೆ. ನಿಜ ಹೇಳಬೇಕೆಂದರೆ ಒಳ್ಳೆಯ ಉಪಾಯ ಅಂತಲೇ ಅನಿಸಿತ್ತು.

ಭಾವ ನಡುವೆ ಬಾಯಿ ಹಾಕಿದ. "ದಿನಾ ಅಂಗೈಯಾಗಿಟ್ಟು ದಿಟ್ಟಿಸಿದ ಲಿಂಗರೀ ಅದು. ನೀವು ಮೋಸ ಮಾಡಿದ್ದು ಆಕಿಗೆ ತಿಳೀತಂದ್ರ ಆಮ್ಯಾಲ ನೀರೂ ಕುಡಿಯಾಂಗಿಲ್ಲ."

ಸಾವುಕಾರರು ಕರಡಿಗೆಯನ್ನು ಮತ್ತೆ ಜೇಬಿಗಿಟ್ಟರು. ನಾನು ದಂಡೆಯ ಮೇಲೆ ಕುಕ್ಕರಗಾಲಲ್ಲಿ ಕೂತು, ಬಾಚಿ ತಂದ ನಾಣ್ಯಗಳನ್ನು ಸುಮ್ಮನೆ ಕೈಯಲ್ಲಿ ಆಡಿಸುತ್ತಿದ್ದೆ. ಕಂಪ್ರೆಸರ್ ಪಕ್ಕ ಹಳೇ ರೇಡಿಯೋದ ಸ್ಪೀಕರಿನ ಆಯಸ್ಕಾಂತ ಬಿದ್ದಿತ್ತು. ನಟ್ಟು ಬೋಲ್ಟು ಕಳೆದುಹೋಗದಿರಲೆಂದು ಭಾವ ಇಟ್ಟುಕೊಂಡದ್ದು. ಒಂದು ರೂಪಾಯಿ ಬಿಲ್ಲೆ ಅದಕ್ಕೆ ಟಕ್ಕನೆ ಅಂಟಿತು. ಎರಡರದೂ ಅಂಟಿತು. ಹೊಸ ಬಿಲ್ಲೆಗಳೆಲ್ಲ ಉಕ್ಕು. ಹಳೇ ನಾಲ್ಕಾಣೆ, ಅಲ್ಯುಮಿನಿಯಮ್ ಪೈಸೆ ಅಂಟಲಿಲ್ಲ. ಸಾವುಕಾರರ ಜೇಬಿನ ಕರಡಿಗೆ ಇಸಿದುಕೊಂಡು ಮುಟ್ಟಿಸಿದೆ. ಬೆಳ್ಳಿ ಅಂಟಲಿಲ್ಲ.

ಇಷ್ಟು ದಿನ ನಾನು ಹೆಚ್ಚು ಕೇಳಿಸುವ ಯಂತ್ರ ಹುಡುಕಿದ್ದೇ ತಪ್ಪು. ನನಗೆ ಬೇಕಾಗಿದ್ದದ್ದು ಕಿವುಡು ಯಂತ್ರ. ಮೊದಲು ಆಯಸ್ಕಾಂತದಿಂದ ಉಕ್ಕಿನ ಬಿಲ್ಲೆಗಳನ್ನೆಲ್ಲ ಎತ್ತಬೇಕು. ಆಮೇಲೆ ಉಳಿದ ನೆಲವನ್ನು ನಾಲ್ಕು ಬೆರಳಿನಾಚೆ ಕೇಳಿಸದ ಆ ಕೈಗೋಲಿನಿಂದ ಗೇಣು ಗೇಣಾಗಿ ಮುಟ್ಟುತ್ತ ಹೋಗಬೇಕು. ಪಕ್ಕದ ಹತ್ತು ನಾಣ್ಯಗಳ ಗಲಾಟೆ ಅದಕ್ಕೆ ಕೇಳಿಸುವುದೇ ಇಲ್ಲ. ಬೆಳಗಾಗುವುದರೊಳಗೆ ಸಾವುಕಾರರ ಜೀಪು ಹೈದರಾಬಾದಿಗೆ ಹೋಗಿ ದೊಡ್ಡ ಯಂತ್ರ ಕೊಟ್ಟು ಸಣ್ಣದು ತಂದಿತು. ನಡುರಾತ್ರಿ ಎದ್ದು ಬಂದ ಅಂಗಡಿಯವನು, ನಿಧಿ ಕೈಬಿಟ್ಟಿರಾ ಎಂದು ಕೇಳಿ ನಕ್ಕನಂತೆ. ನಗಲಿ.

ಅಕ್ಕಿ ಗಿರಣಿಯಲ್ಲಿ ಭತ್ತದ ಜೊತೆ ಬರುವ ಮೊಳೆ ಹಿಡಿಯಲು ಚಪ್ಪಟೆ ಆಯಸ್ಕಾಂತ ಹಾಕಿರುತ್ತಾರೆ. ಅದನ್ನು ಭಾವ ಕೇಳಿ ತಂದ. ಹಾಗೇ ಇಳಿಸಿದರೆ ಕಪ್ಪು ಮರಳು ಮೆತ್ತಿಕೊಂಡು ಅದಕ್ಕೆ ಗಡ್ಡ ಬೆಳೆಯಿತು, ಬಿಲ್ಲೆ ಅಂಟಲು ಜಾಗವೇ ಇಲ್ಲ. ಮತ್ತೆ ಬೈಗುಳ. ಆಮೇಲೆ ಅದನ್ನು ಬಟ್ಟೆಯ ಚೀಲಕ್ಕೆ ಹಾಕಿ ಇಳಿಸಿದೆ. ಮೇಲೆತ್ತಿ ಆಯಸ್ಕಾಂತವನ್ನು ಚೀಲದಿಂದ ಹೊರಗೆಳೆದರೆ ಮರಳು, ಬಿಲ್ಲೆ ಎಲ್ಲ ತಾನೇ ಉದುರುತ್ತಿತ್ತು. ಮೆಟ್ಟಿಲಿನಿಂದ ಹೊಳೆಯ ಕಡೆಗೆ ಹಗ್ಗ ಕಟ್ಟಿ, ಹಗ್ಗದ ಎರಡೂ ಬದಿ ಒಂದೊಂದು ಮೊಳ ಮುಗಿಸಿ, ಹಗ್ಗ ಸರಿಸಿ, ಮತ್ತೆ ಹೋದೆ. ದಂಡೆಯಲ್ಲಿ ಜನ ಬೆಲ್ಲ ಹಾಕುತ್ತಿದ್ದರು. ನೀರಿನೊಳಗೆ ಮೊದಲ ಸಲ ಸದ್ದಿಲ್ಲದೆ ಕೆಲಸ ಮಾಡಿದೆ.

ಕೈಗೋಲು ಕೂಗುವುದಿಲ್ಲ, ಅಂಗೈಯಲ್ಲಿ ನಡುಗುತ್ತದೆ. ನಡುಗಿತು, ನಾಲ್ಕಾಣೆ. ನಡುಗಿತು, ಹಿತ್ತಾಳೆಯ ಗುಂಡಿ. ನಡುಗಿತು, ಮತ್ತೆ ನಾಲ್ಕಾಣೆ. ಅವ್ವಾರು ಬೆರಳು ಮಾಡಿ ತೋರಿಸಿದ ಜಾಗ ದಾಟಿ ಹೋಯಿತು, ಏನೂ ಇಲ್ಲ. ಚಳಿಗೆ ದವಡೆ ಕಟಕಟ ಅನ್ನುತ್ತಿತ್ತು. ಹಿಂದಿರುಗುವಾಗ, ಕೊನೆಯ ಮೆಟ್ಟಿಲಿನ ಕಲ್ಲು ನೆಲ ಕಚ್ಚಿದ ಬಿರುಕಿನಲ್ಲಿ ಕೈಗೋಲು ಬಿಡದೆ ನಡುಗಿತು. ಬೆರಳು ತೂರಿಸಿದೆ. ದುಂಡಗೆ, ನುಣ್ಣಗೆ. ಮೊಟ್ಟೆಯ ಅಳತೆ.

ಹಗ್ಗ ಎಷ್ಟು ಸಲ ಜಗ್ಗಿದೆನೋ ನೆನಪಿಲ್ಲ. ಮೇಲೆ ಬಂದು ಮಂಟಪಕ್ಕೆ ಓಡಿ, ಅವ್ವಾರ ಸೆರಗಿನಲ್ಲಿ ಅದನ್ನಿಟ್ಟೆ. ಜನ ಹರಹರ ಎಂದರು. ಅವ್ವಾರು ಅದನ್ನು ಎತ್ತಿಕೊಂಡರು, ಕೈಯಲ್ಲಿ ಒಂದು ಗಳಿಗೆ ತೂಗಿದರು. ಆಗಲೇ ಅವರ ಮುಖ ಇಳಿದದ್ದನ್ನು ನಾನು ನೋಡಿದೆ. ಮುಚ್ಚಳ ಬಿರುಕುಬಿಟ್ಟಿತ್ತು. ಕಲ್ಲಿಗೆ ಬಡಿದು ಬಿಚ್ಚಿಕೊಂಡು ಅರ್ಧ ಮುಚ್ಚಿದ ಹಾಗೆ ಕೂತಿತ್ತು. ಒಳಗೆ ರಾಡಿ.

"ಮನಿ ಸಿಕ್ಕೇತಿ," ಎಂದರು ಅವ್ವಾರು. "ಒಳಗಿನಾತ ಇಲ್ಲ."

ಲಿಂಗ ಕಲ್ಲಿನದು, ಮೇಲೆ ಕಂಥೆ ಎನ್ನುವ ಅರಗಿನಂಥ ಕಪ್ಪು ಲೇಪ. ಯಾವ ಯಂತ್ರಕ್ಕೂ ಅದು ಕೇಳಿಸುವುದಿಲ್ಲ. ಮೂರು ಯಂತ್ರ ಆರಿಸಿದ್ದೆ, ಪರೀಕ್ಷೆ ಮಾಡಿದ್ದೆ, ಊರವರನ್ನೆಲ್ಲ ಬೈದಿದ್ದೆ, ಎಲ್ಲ ಬೆಳ್ಳಿಗಾಗಿ. ಅವ್ವಾರಿಗೆ ಬೇಕಾಗಿದ್ದದ್ದು ಬೆಳ್ಳಿಯಲ್ಲ ಎಂದು ಮೊದಲ ದಿನದಿಂದ ಗೊತ್ತಿದ್ದೂ, ಡಬ್ಬಿ ಬಿಚ್ಚಿರಬಹುದು ಎಂದು ಒಂದು ಸಲವೂ ನನ್ನ ತಲೆಗೆ ಬಂದಿರಲಿಲ್ಲ. ಕೈಗೋಲನ್ನು ಕಟ್ಟೆಗೆ ಕುಕ್ಕಿದೆ. ಮತ್ತೆ ಇಳಿಯುತ್ತೇನೆ, ಕೈಯಿಂದಲೇ ಹುಡುಕುತ್ತೇನೆ ಎಂದು ಪೈಪು ಎತ್ತಿಕೊಂಡೆ.

ಅವ್ವಾರು ಬೇಡವೆಂದರು. ಹುಡುಕಿದ್ದಾಯಿತು, ಎಸೆದ ಪಾಪ ತನಗಿಲ್ಲ, ಇನ್ನು ಹೊಳೆಗೆ ಕೊಟ್ಟ ಮಾತು ತೀರಿಸಬೇಕು ಎಂದರು. ಮಗ ಆಸ್ಪತ್ರೆಗೆ ಎಂದು ಜೀಪು ಹತ್ತಿರ ತಂದರೂ ಕೇಳಲಿಲ್ಲ. ಭಾವ ಟಾರ್ಪಾಲಿನ ರಾಶಿಯನ್ನು ಬುಟ್ಟಿಗೆ ತುಂಬಿ, ಒಂದೇ ಸಲ ಹೊಳೆಗೆ ಬಗ್ಗಿಸಲು ಎತ್ತಿದ.

"ಹಂಗ ಕಸ ಚೆಲ್ಲಿದಂಗ ಚೆಲ್ಲಬ್ಯಾಡ," ಎಂದರು ಅವ್ವಾರು. "ಅವ್ರವ್ರು ಕೈಮುಗದು ಕೊಟ್ಟದ್ದು. ನನ್ನ ಕೈಲೆ ಕೊಡ್ತೀನಿ."

ಇಬ್ಬರು ಹೆಂಗಸರು ಅವರನ್ನು 'ಮೆಲ್ಲಕ, ಮೆಲ್ಲಕ' ಎನ್ನುತ್ತ ನಡೆಸಿಕೊಂಡು ಹೋಗಿ ನೀರು ತಾಕುವ ಮೆಟ್ಟಿಲ ಮೇಲೆ ಕೂರಿಸಿದರು. ಬುಟ್ಟಿಯಿಂದ ಒಂದೊಂದೇ ಬೊಗಸೆ ಎತ್ತುವುದು, ನೀರಲ್ಲಿ ಅಲುಗಿಸಿ ರಾಡಿ ತೊಳೆಯುವುದು, ಹಣೆಗೆ ಮುಟ್ಟಿಸುವುದು, ಬಿಡುವುದು. ಬಿಸಿಲು ಏರುತ್ತಿತ್ತು. ಹೀಗೇ ಕೊಟ್ಟರೆ ಬುಟ್ಟಿ ಖಾಲಿಯಾಗುವ ಮೊದಲೇ ಇವರು ಹೋಗುತ್ತಾರೆ ಎಂದು ನನಗೆ ಮೈಯೆಲ್ಲ ಉರಿಯುತ್ತಿತ್ತು. ಬುಟ್ಟಿ ಕಿತ್ತುಕೊಂಡು ನಾನೇ ಸುರಿದುಬಿಡಲೇ ಎಂದುಕೊಂಡು ಎರಡು ಮೆಟ್ಟಿಲು ಇಳಿದೂ ಇಳಿದೆ.

ಅಷ್ಟರಲ್ಲಿ ಅವ್ವಾರು ಒಂದು ಬೊಗಸೆಯನ್ನು ನೀರಲ್ಲಿ ಅಲುಗಿಸಿದವರು ಬಿಡಲಿಲ್ಲ. ಬೆರಳು ಮಡಚಿದರು. ಬಿಲ್ಲೆಗಳು ಸಂದಿಯಿಂದ ಜಾರಿ ನೀರಿಗೆ ಬಿದ್ದವು. ಅಂಗೈಯಲ್ಲಿ ಇದ್ದಿಲಿನ ಚೂರಿನಂಥ ಕರಿಯದೊಂದು ಉಳಿಯಿತು. ಹೆಬ್ಬೆರಳಿನಿಂದ ಅದರ ಮೇಲಿನ ರಾಡಿ ಉಜ್ಜಿದರು, ಒಂದು ಸಲ, ಇನ್ನೊಂದು ಸಲ. ಆಮೇಲೆ ಎಡಗೈಯನ್ನು ಎದೆಯ ಮಟ್ಟಕ್ಕೆ ತಂದು, ಕಣ್ಣು ಅಲ್ಲಿಗೇ ನಿಲ್ಲಿಸಿ ಕೂತುಬಿಟ್ಟರು. ಅಯ್ಯನವರು ಮೆಟ್ಟಿಲಿಳಿದು ಬಂದು ಬಗ್ಗಿ ನೋಡಿದವರೇ ಭಸ್ಮದ ಚೀಲ ಬಿಚ್ಚಲು ಹತ್ತಿದರು.

ನಾನು ಮೊದಲ ಸಿಟ್ಟಿನಲ್ಲಿ ರಾಡಿಸಮೇತ ಬಾಚಿ ಕಳಿಸಿದ ಬುಟ್ಟಿಯಲ್ಲೇ ಲಿಂಗ ಬಂದಿತ್ತು. ಇಷ್ಟೂ ದಿನ ಟಾರ್ಪಾಲಿನಡಿ, ಅವ್ವಾರ ಮಗ್ಗುಲಿಗೇ ಇತ್ತು. ಭಾವ ಬುಟ್ಟಿ ಬಗ್ಗಿಸಿದ್ದರೆ ಮತ್ತೆ ಹೊಳೆಯ ಪಾಲಾಗುತ್ತಿತ್ತು.

"ಬಗಲಾಗ ಕೂಸಿಟಗೊಂಡು ಊರೆಲ್ಲಾ ಹುಡುಕಿದಂಗಾತು," ಎಂದು ಭಾವ ನನ್ನ ಕಿವಿಯಲ್ಲಿ ಹೇಳಿದ. ನಗಲೂ ಇಲ್ಲ, ಅಳಲೂ ಇಲ್ಲ, ಮೆಟ್ಟಿಲ ಮೇಲೆ ಕುಸಿದು ಕೂತ.

ಪೂಜೆ ಮುಗಿಯಿತು. ಸಾವುಕಾರರು ಪರೀಕ್ಷೆಗೆ ತಂದ ಕರಡಿಗೆ ಈಗ ಕೆಲಸಕ್ಕೆ ಬಂತು. ಒಡೆದದ್ದರ ಬದಲು ಅದರಲ್ಲೇ ಲಿಂಗವಿಟ್ಟು, ಹೊಸ ಶಿವದಾರ ಹಾಕಿ ಅವ್ವಾರ ಕೊರಳಿಗೆ ಕಟ್ಟಿದರು. ಯಾರೋ ಜೋಳದ ಗಂಜಿ ತಂದಿದ್ದರು. ಡಾಕ್ಟರು ಹೇಳಿದ ಹಾಗೆ ಚಮಚದಲ್ಲಿ, ಮೆಲ್ಲಗೆ. ಮಗನ ಕೈಯಿಂದ ಎರಡು ಚಮಚ ನುಂಗಿ ಅವ್ವಾರು ತಲೆಯೆತ್ತಿ ದಂಡೆಯಲ್ಲಿ ಯಾರನ್ನೋ ಹುಡುಕಿದರು. ನಾನು ಕಂಪ್ರೆಸರ್ ಹಿಂದೆ ಮುಖ ಮರೆಸಿಕೊಂಡು ಪೈಪು ಸುತ್ತುತ್ತಿದ್ದೆ.

"ತಮ್ಮಾ, ಇಲ್ಲಿ ಬಾ. ನೀನೂ ಒಂದೀಟು ಉಣ್ಣು," ಎಂದರು. "ಅಷ್ಟು ಸಿಟ್ಟು ಮಾಡಿದಾಂವಗ ಹಸಿವ್ಯಾಗಿರತತಿ."

ಹೋಗಿ ಅವರ ಪಕ್ಕ ಕೂತೆ. ಆ ಬಟ್ಟಲಿನ ಗಂಜಿಯನ್ನೇ ನನಗೂ ಹಾಕಿದರು. ಬುಟ್ಟಿಯಲ್ಲಿ ಇನ್ನೂ ಅರ್ಧ ರಾಶಿ ಉಳಿದಿತ್ತು. ಉಂಡ ಮೇಲೆ ಇಬ್ಬರೂ ಸೇರಿ ಅದನ್ನು ಬೊಗಸೆ ಬೊಗಸೆಯಾಗಿ ಹೊಳೆಗೆ ಕೊಟ್ಟೆವು.